ಹುಟ್ಟು ಹಾಕುವ ವೇಗ

ಹಿಲ್ಲೆವಿ ಕಂಕಾರೆ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳೇ, ಕೊರಳಿಗೆ ನೇತುಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ತಾರ್ಮೊನ ಮೇಜಿನ ಮೇಲಿಟ್ಟಳು. ಕುಶಲವನ್ನೂ ಕೇಳಲಿಲ್ಲ, ಕೋಟನ್ನೂ ಬಿಚ್ಚಲಿಲ್ಲ.

"ಇದು ನನ್ನ ಹಾಡಲ್ಲ," ಅಂದಳು.

ತಾರ್ಮೊ ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ ಪಕ್ಕಕ್ಕಿಟ್ಟು ತಲೆಯೆತ್ತಿದ. ಊಟ ನಿದ್ದೆ ಬಿಟ್ಟು ಮಾಡಿದ ಕೆಲಸಕ್ಕೆ ಒಂದು ಮೆಚ್ಚುಗೆಯ ಮಾತು ಬಂದೀತೆಂದು ಕಾದಿದ್ದವನ ಮುಖ ಹುಳ್ಳಗಾಯಿತು.

"ನಿಮ್ಮದೇ. ಸೆಲ್ಕಸಾರಿ ವಿಡಿಯೋ ಗೇಮಿನ ದೋಣಿ ಹಾಡು. ಆ ಆಟದ ಯಂತ್ರದಲ್ಲಿ ಮೊಟ್ಟಮೊದಲು ಬಂದ ಬೋರ್ಡಿನ ಮೇಲೆ ರೆಕಾರ್ಡ್ ಮಾಡಿದೀನಿ. ಆಮೇಲಿನ ಬೋರ್ಡುಗಳಲ್ಲಿ ಖರ್ಚು ಉಳಿಸೋಕೆ ಹೋಗಿ ಶಬ್ದದ ಭಾಗಾನೇ ಕೆಡಿಸಿಬಿಟ್ಟರು, ಒಂದೇ ಸಮ ಸುಯ್ ಅಂತಿರ್ತವೆ. ಇದರಲ್ಲಿ ಅದು ಒಂಚೂರೂ ಇಲ್ಲ."

"ಸುಯ್ ಅನ್ನೋದು ನನಗೆ ಹೇಗೂ ಕೇಳಿಸಲ್ಲ. ಆ ಎತ್ತರದ ಸದ್ದೆಲ್ಲ ನನ್ನ ಕಿವಿ ಬಿಟ್ಟುಹೋಗಿ ಎಷ್ಟೋ ಕಾಲ ಆಯ್ತು. ಅದನ್ನ ನಿನ್ನ ಕಿವಿಗೇ ಬಿಟ್ಟಿದೀನಿ. ನಾನು ಹೇಳ್ತಿರೋದು ವೇಗದ ಮಾತು. ಯಾಕಪ್ಪಾ ಹಿಂಗೆ ಓಡಿಸಿದೀಯ?"

"ಓಡಿಸಿಲ್ಲ. ಇದೇ ಸರಿಯಾದ ವೇಗ."

ಇಷ್ಟು ಹೇಳಿ ತಾರ್ಮೊ ಇಬ್ಬರಿಗೂ ಕಾಫಿ ಬಗ್ಗಿಸಿದ. ಫಿನ್ಲೆಂಡಿನ ಈ ತಾಂಪೆರೆ ಊರಿನಲ್ಲಿ ಜಗಳ ಶುರುವಾಗುವ ಮೊದಲೂ ಕಾಫಿ ಆಗಬೇಕು, ಮುಗಿದ ಮೇಲೂ ಆಗಬೇಕು.

ತಾರ್ಮೊ ಹಳೆಯ ವಿಡಿಯೋ ಗೇಮ್ ಯಂತ್ರಗಳ ರಿಪೇರಿಯವನು. ನಲವತ್ತು ದಾಟಿದವನು, ಮಾತಿಗಿಂತ ಹಟ ಹೆಚ್ಚು. ಅವನು ಹುಡುಗನಾಗಿದ್ದಾಗ ಯುರೋಪಿನಲ್ಲಿ ಮಾರುತ್ತಿದ್ದ ಯಂತ್ರಗಳಿಗೆ ಬೇರೆ ಸೀಮೆಯ ಆಟ ತುರುಕಿದರೆ ಅವು ಮುಖ ತಿರುಗಿಸುತ್ತಿದ್ದವು. ಅದು ಸಾಲದೆಂಬಂತೆ, ಇಲ್ಲಿನ ಟೀವಿಗಳು ಸೆಕೆಂಡಿಗೆ ಐವತ್ತು ಚಿತ್ರ ತೋರಿಸುವಂಥವು, ಜಪಾನು ಅಮೆರಿಕದವು ಅರವತ್ತು. ಆಟದ ನಡೆಯೆಲ್ಲ ಆ ಚಿತ್ರಗಳ ಲೆಕ್ಕದ ಮೇಲೆಯೇ ಸಾಗುತ್ತಿದ್ದುದರಿಂದ, ಅಲ್ಲಿ ಹುಟ್ಟಿದ ಆಟ ಇಲ್ಲಿಗೆ ಬಂದರೆ ಕೆಸರಿನಲ್ಲಿ ಕಾಲೆಳೆದುಕೊಂಡು ನಡೆದಂತಾಗುತ್ತಿತ್ತು. ಹಾಡಿನ ಸ್ವರ ಅದೇ, ನಡೆ ಮಾತ್ರ ಜಗ್ಗುತ್ತಿತ್ತು. ತನ್ನ ಬಾಲ್ಯಕ್ಕೇ ಯಾರೋ ಮೋಸ ಮಾಡಿದರೆಂಬ ಸಿಟ್ಟು ತಾರ್ಮೊನಿಗೆ ಇನ್ನೂ ಆರಿರಲಿಲ್ಲ. ಅದಕ್ಕೇ ಕೈಗೆ ಸಿಕ್ಕ ಪ್ರತಿ ಯಂತ್ರವನ್ನೂ ಬಿಚ್ಚಿ, ಬೀಗದಂತಿರುವ ತೆಳ್ಳನೆಯ ತಾಮ್ರದ ಗೆರೆಗಳನ್ನು ಕತ್ತರಿಸಿ, ಅರವತ್ತಕ್ಕೆ ತಿರುಗಿಸಿ ಕೊಡುತ್ತಿದ್ದ. ಅವನ ಬಳಗದವರೂ ಇದೇ ಮತದವರು. ಐವತ್ತೆಂದರೆ ತಪ್ಪು, ಅರವತ್ತೆಂದರೆ ಸರಿ. ಇದನ್ನು ಅವರಲ್ಲಿ ಯಾರೂ ಎರಡನೇ ಸಲ ಯೋಚಿಸಿದವರಲ್ಲ.

ಆದರೆ ಸೆಲ್ಕಸಾರಿ ಹುಟ್ಟಿದ್ದು ಇದೇ ಊರಿನಲ್ಲಿ, ತೊಂಬತ್ತರ ದಶಕದಲ್ಲಿ, ಒಂದು ಲಾಂಡ್ರಿಯ ನೆಲಮಾಳಿಗೆಯಲ್ಲಿ. ಹೆಂಗಸೊಬ್ಬಳು ದೋಣಿ ನಡೆಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಅಂಚೆ ಹಂಚುವ ಆಟ. ಗುಂಡಿಲ್ಲ, ರಾಕ್ಷಸರಿಲ್ಲ. ಚಿತ್ರ ಮತ್ತು ಲೆಕ್ಕಾಚಾರ ಮೂವರು ಹುಡುಗರದು, ಹಾಡು ಕಟ್ಟಿದವಳು ಹಿಲ್ಲೆವಿ. ಆಟ ಅಷ್ಟಕ್ಕಷ್ಟೆ ಮಾರಾಟವಾಗಿ ಮರೆತುಹೋಯಿತು; ಅವಳು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದಳು. ಈಗ, ಅದನ್ನು ಆಡಿ ಬೆಳೆದವರ ಗಡ್ಡ ನರೆಯುವ ಹೊತ್ತಿಗೆ, ತುರ್ಕು ಪಟ್ಟಣದ ಸಣ್ಣ ಕಂಪನಿಯೊಂದು ಆ ಹಾಡುಗಳನ್ನು ಕಪ್ಪು ತಟ್ಟೆಯ ರೆಕಾರ್ಡಾಗಿ ತರಲು ಹೊರಟಿತ್ತು. ಅವಳ ಹೆಸರು ಹೊತ್ತು ಬರುವ ಮೊದಲ ರೆಕಾರ್ಡು, ಬಹುಶಃ ಕೊನೆಯದೂ. ಹಾಡುಗಳನ್ನು ಯಂತ್ರದಿಂದ ರೆಕಾರ್ಡ್ ಮಾಡಿಕೊಡುವ ಕೆಲಸವನ್ನು ಕಂಪನಿ ತಾರ್ಮೊನಿಗೆ ಒಪ್ಪಿಸಿತ್ತು. ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಅಚ್ಚಾದ ಮೇಲೆ ತಿದ್ದುವ ಮಾತೇ ಇಲ್ಲ.

"ಇದು ಎಲ್ಲರಿಗೂ ಗೊತ್ತಿರೋ ವಿಷಯ," ಅಂದ ತಾರ್ಮೊ. "ಅಮೆರಿಕದವರಿಗೆ ಅಂತ ಮಾಡಿದ ಆಟ ಅದು, ಇಲ್ಲಿ ಬಂದು ನಿಧಾನ ಆಯ್ತು. ಅದರ ಮೇಲೆ ಯಾವನೋ ಪುಣ್ಯಾತ್ಮ ಬೀಗ ಬೇರೆ ಜಡಿದಿದಾನೆ. ಯುರೋಪಿನ ಐವತ್ತರ ಯಂತ್ರ ಅಲ್ಲ ಅಂದ್ರೆ ಆಟ ಶುರುವೇ ಆಗಲ್ಲ. ಅದನ್ನ ಒಡೆಯೋಕೆ ನಮ್ಮವರಿಗೆ ವರ್ಷಗಟ್ಟಲೆ ಹಿಡೀತು. ಅವನೇನಾದರೂ ಕೈಗೆ ಸಿಕ್ಕಿದರೆ..."

"ಸಿಕ್ಕಿದೀನಲ್ಲ, ಏನು ಮಾಡ್ತೀಯ?"

ತಾರ್ಮೊನ ಲೋಟ ತುಟಿಯ ಹತ್ತಿರವೇ ನಿಂತಿತು.

"ಬೀಗ ಹಾಕಿಸಿದ್ದು ನಾನು," ಅಂದಳು ಹಿಲ್ಲೆವಿ. "ಅಮೆರಿಕದವರು ಕೇಳಿದ್ದು ನಿಜ, ಆದರೆ ಆಟ ಮುಗಿದ ಮೇಲೆ. ಅರವತ್ತರಲ್ಲಿ ಓಡಿಸಿ ತೋರಿಸಿದರು. ಮೈಯೆಲ್ಲ ಉರಿದುಹೋಯ್ತು ನನಗೆ. ಆ ವೇಗಕ್ಕೆ ಹೊಂದೋ ಹಾಗೆ ಹಾಡನ್ನ ಮತ್ತೆ ಕೂರಿಸ್ತೀನಿ, ಸ್ವಲ್ಪ ಸಮಯ ಕೊಡಿ ಅಂದೆ. ಆಗಲ್ಲ ಅಂದರು. ಹಂಗಾದ್ರೆ ನಿಮಗೆ ಆಟಾನೂ ಇಲ್ಲ ಅಂದೆ. ಹುಡುಗರ ಪಕ್ಕ ಕೂತು ಬೀಗ ಹಾಕಿಸಿಯೇ ಎದ್ದೆ."

"ಹುಡುಗರು ಒಪ್ಪಿದರಾ?"

"ಆಮೇಲೆ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅದಕ್ಕೂ ಮೊದಲು ಏನು ಮಹಾ ಮಾತಾಡ್ತಿದ್ದರು ಅನ್ನೋದು ಬೇರೆ ವಿಷಯ."

ತಾರ್ಮೊ ನಗಲಿಲ್ಲ. ಲೋಟ ಕೆಳಗಿಟ್ಟು, ಕಿವಿಯ ನೆನಪು ನಂಬಿಕೆಗೆ ಬರುವಂಥದ್ದಲ್ಲ, ಇಷ್ಟು ವರ್ಷಗಳಲ್ಲಿ ಯಾರ ನೆನಪಾದರೂ ಸಡಿಲವಾಗುತ್ತದೆ, ರೆಕಾರ್ಡು ಕೊಳ್ಳುವವರೆಲ್ಲ ಬಲ್ಲ ವೇಗ ಇದೇ ಎಂದು ಒಂದೊಂದಾಗಿ ಹೇಳಿದ. ಹಿಲ್ಲೆವಿ ಅಷ್ಟನ್ನೂ ಕೇಳಿಸಿಕೊಂಡಳು, ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಕ್ಕಳಿಗೆ ತಾಳ ಕಲಿಸಿದವಳಿಗೆ ಬಾಯಿಮಾತಿನ ಪಾಠ ಎಷ್ಟರದೆಂದು ಗೊತ್ತಿತ್ತು.

"ದೋಣಿ ನಡೆಸೋಕೆ ಬರುತ್ತಾ ನಿನಗೆ?"

"ಫಿನ್ಲೆಂಡಿನವನನ್ನ ಕೇಳೋ ಪ್ರಶ್ನೆನಾ ಇದು?"

"ಹಂಗಾದ್ರೆ ಕೋಟು ಹಾಕ್ಕೊ. ನಿನ್ನ ಹಾಡನ್ನ ಫೋನಲ್ಲಿ ತಗೊಂಡು ಬಾ."

ನ್ಯಾಸಿಯಾರ್ವಿ ಸರೋವರದ ಮಂಜುಗಡ್ಡೆ ಕರಗಿ ಬಹಳ ದಿನವಾಗಿರಲಿಲ್ಲ. ಗಾಳಿ ಚಳಿ ಹೊತ್ತೇ ಬರುತ್ತಿತ್ತು. ಹಿಲ್ಲೆವಿಯ ದೋಣಿ ಹಳೆಯದು, ಮರದ್ದು, ಮೈತುಂಬ ಡಾಂಬರಿನ ವಾಸನೆ. ತಾರ್ಮೊನನ್ನು ಹುಟ್ಟುಗಳ ಮುಂದೆ ಕೂರಿಸಿ ಅವಳು ಎದುರಿಗೆ, ಹಿಂಬದಿಯ ಹಲಗೆಯ ಮೇಲೆ ಕೂತಳು.

"ಈಗ ಹಾಡು ಹಾಕು. ತಾಳಕ್ಕೆ ಸರಿಯಾಗಿ ಹುಟ್ಟು ಹಾಕು. ಅಗೋ ಆ ಬಂಡೆ ಮುಟ್ಟಬೇಕು."

ತಾರ್ಮೊ ಫೋನನ್ನು ಹಲಗೆಯ ಮೇಲಿಟ್ಟು ಶುರುಮಾಡಿದ. ಮೊದಮೊದಲು ಹುರುಪಿನಿಂದಲೇ ಎಳೆದ. ಸ್ವಲ್ಪ ಹೊತ್ತಿಗೆ ಉಸಿರು ಬಾಯಿಗೆ ಬಂತು. ಹುಟ್ಟು ನೀರಿನಿಂದ ಮೇಲೇಳುವ ಮೊದಲೇ ಮುಂದಿನ ತಾಳ ಬಂದು ನಿಲ್ಲುತ್ತಿತ್ತು. ಅದನ್ನು ಹಿಡಿಯಲು ಹೋದರೆ ಹುಟ್ಟು ನೀರಿಗಿಳಿಯದೆ ಮೇಲೆ ಮೇಲೆ ಜಾರಿ ಹಿಲ್ಲೆವಿಯ ಮುಖಕ್ಕೇ ನೀರೆರಚುತ್ತಿತ್ತು. ಅವಳು ಮುಖ ಒರೆಸಿಕೊಂಡಳು, ಸಾಕು ಎನ್ನಲಿಲ್ಲ. ಬಂಡೆ ಮಾತ್ರ ಇದ್ದಲ್ಲೇ ಇತ್ತು.

"ಯಾರೋ ಅಟ್ಟಿಸಿಕೊಂಡು ಬರ್ತಿರೋ ಹಂಗಿದೆ," ಅಂದ, ಏದುಸಿರು ಬಿಡುತ್ತ.

"ಅಂಚೆಯವಳನ್ನ ಯಾರು ಅಟ್ಟಿಸಿಕೊಂಡು ಬರ್ತಾರೆ, ಮಾರಾಯ? ನಿಲ್ಲಿಸು ಅದನ್ನ."

ಅವನು ಫೋನು ಆರಿಸಿದ. ದೋಣಿ ತನ್ನಷ್ಟಕ್ಕೆ ಸ್ವಲ್ಪ ದೂರ ತೇಲಿತು. ಹಿಲ್ಲೆವಿ ಕೈಗವಸು ಬಿಚ್ಚಿ ಅಂಗೈಯನ್ನು ಹಲಗೆಯ ಮೇಲಿಟ್ಟಳು.

"ಆಟದಲ್ಲಿರೋಳು ನಮ್ಮಮ್ಮ. ಇದೇ ನೀರಲ್ಲಿ ಅಂಚೆ ಹೊತ್ತವಳು. ನಾನು ಚೀಲಗಳ ಮೇಲೆ ಮಲಗಿಕೊಂಡು ಹೋಗ್ತಿದ್ದೆ, ಬೆನ್ನಿಗೆ ಅವಳ ಒಂದೊಂದು ಎಳೆತಾನೂ ಗೊತ್ತಾಗ್ತಿತ್ತು. ಹಾಡಿನ ತಾಳ ಅಂದ್ರೆ ಅದೇ. ಅವಳ ಮುಖ ಫೋಟೋದಲ್ಲಿದೆ, ದನಿ ಅಣ್ಣನ ಹತ್ತಿರ ಒಂದು ಕ್ಯಾಸೆಟ್ಟಲ್ಲಿದೆ. ಅವಳ ನಡೆ ಮಾತ್ರ ಎಲ್ಲೂ ಇಲ್ಲ ತಾರ್ಮೊ, ಈ ಹಾಡೊಂದರಲ್ಲಿ ಬಿಟ್ಟರೆ. ಸೋಮವಾರ ಅದು ನಿನ್ನ ವೇಗದಲ್ಲಿ ಅಚ್ಚಾಯ್ತು ಅಂದ್ರೆ, ಆಮೇಲೆ ಯಾರು ಕೇಳಿದರೂ ಕೇಳೋದು ಯಾವಳೋ ಅವಸರದವಳನ್ನ. ನಾನೂ ಇನ್ನೆಷ್ಟು ಕಾಲ ನೆನಪಿಟ್ಕೊಂಡಿರ್ತೀನಿ?"

ಇದನ್ನು ಹೇಳುವಾಗ ಅವಳಿಗೆ ದುಃಖವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಅಂಗೈಯಿಂದ ಹಲಗೆಯ ಮೇಲೆ ತಾಳ ಹಾಕುತ್ತ, ಅದೇ ಹಾಡನ್ನು ಬಾಯಿ ಮುಚ್ಚಿಕೊಂಡೇ ಗುನುಗಿದಳು.

ತಾರ್ಮೊ ಹುಟ್ಟು ಹಾಕಿದ. ನೀರು ಹಿಡಿಯಿತು, ಬೆನ್ನು ಹಿಂದಕ್ಕೆ ಹೋಯಿತು, ಹುಟ್ಟು ಮೇಲೆದ್ದು ಹನಿ ಉದುರಿಸಿತು, ಅಷ್ಟು ಹೊತ್ತಿಗೆ ಸರಿಯಾಗಿ ಮುಂದಿನ ತಾಳ. ಅವನ ಉಸಿರೂ ತಾನಾಗಿ ಅದಕ್ಕೆ ಕೂಡಿಕೊಂಡಿತು. ಬಂಡೆ ಹತ್ತಿರ ಬಂತು. ಅವನು ಅದನ್ನು ನೋಡಲೇ ಇಲ್ಲ, ದೋಣಿಯ ಮೂತಿ ಹೋಗಿ ಬಂಡೆಗೆ ಗುದ್ದಿ ಇಬ್ಬರೂ ಮುಗ್ಗರಿಸಿದರು.

"ಏನಾಯ್ತೋ ನಿನಗೆ?"

"ನಮ್ಮ ಅಡುಗೆಮನೆ ಟೀವಿಯಲ್ಲಿ ಬರ್ತಿದ್ದದ್ದು ಇದೇ," ಅಂದ ತಾರ್ಮೊ ಮೆಲ್ಲಗೆ. "ಇದೇ ವೇಗ. ನಾನು ಮರೆತಿರಲಿಲ್ಲ ಹಿಲ್ಲೆವಿ. ಅದು ತಪ್ಪು ಅಂದ್ಕೊಂಡುಬಿಟ್ಟಿದ್ದೆ. ನಾವು ಚಿಕ್ಕವರಿದ್ದಾಗ ಕೇಳಿದ್ದೆಲ್ಲ ತಪ್ಪು ಅಂತ ನಮಗೆ ನಾವೇ ಹೇಳ್ಕೊಂಡು, ಅದನ್ನ ತಿದ್ತಾ ಕೂತಿದೀವಿ."

ಹಿಲ್ಲೆವಿಗೆ ಗೆದ್ದ ಸಂತೋಷವಾಗಬೇಕಿತ್ತು. ಅವನ ಮುಖ ನೋಡಿ ಪಾಪ ಅನ್ನಿಸಿತು. ಆದರೂ ವಾಪಸು ಬರುವಾಗ ಹುಟ್ಟನ್ನು ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ.

ಅಂಗಡಿಗೆ ಬಂದವನೇ ತಾರ್ಮೊ ತುರ್ಕುವಿಗೆ ಫೋನು ಮಾಡಿ ರೆಕಾರ್ಡ್ ಕಂಪನಿಯ ಯಜಮಾನ ಕಾಯ್‌ಗೆ ವಿಷಯ ಹೇಳಿದ. ಕಾಯ್ ಕೂಗಾಡುವವನಲ್ಲ, ಆದರೆ ಅವನ ನಿಟ್ಟುಸಿರು ಹಿಲ್ಲೆವಿಗೂ ಕೇಳಿಸಿತು.

"ಜನ ನಿಧಾನ ಆಯ್ತು ಅಂತ ಬೈತಾರೆ. ನಿನ್ನ ಬಳಗದವರೇ ಮೊದಲು ಬೈಯೋದು."

"ಬೈಯಲಿ."

"ಈಗಿರೋದನ್ನೇ ಕಳಿಸಿಬಿಡು ತಾರ್ಮೊ. ದಿನ ಎಲ್ಲಿದೆ?"

"ಅದನ್ನ ಅಳಿಸಿಬಿಟ್ಟೆ," ಅಂದು ತಾರ್ಮೊ ಫೋನಿಟ್ಟ. ಅಳಿಸಿರಲಿಲ್ಲ. ಫೋನಿಟ್ಟ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅಳಿಸಿದ.

ಹಿಲ್ಲೆವಿ ಕೈಚೀಲದಿಂದ ಆಟದ ಕಾರ್ಟ್ರಿಜ್ ತೆಗೆದುಕೊಟ್ಟಳು, ಬೀಗವಿರುವ ಅಸಲಿ ಪ್ರತಿ. ತಾರ್ಮೊ ಅದನ್ನು ತನ್ನ ಮೊದಲ ಬೋರ್ಡಿನ ಯಂತ್ರಕ್ಕೆ ಹಾಕಿದ. 'ಈ ಆಟ ಈ ಯಂತ್ರಕ್ಕೆ ಸೇರಿದ್ದಲ್ಲ' ಎಂದು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ ನಿಂತುಬಿಟ್ಟಿತು. ಅವಳು ಮೂಲೆಯ ಕಪಾಟಿನ ಕಡೆ ಕೈ ತೋರಿಸಿದಳು.

"ಅಲ್ಲಿ ಇನ್ನೊಂದಿದೆಯಲ್ಲ, ನೀನಿನ್ನೂ ಬಿಚ್ಚದೇ ಇರೋದು. ಅದರಲ್ಲೇ ಮಾಡು, ಹೊತ್ತು ಉಳಿಯುತ್ತೆ."

"ಅದು ಆಮೇಲಿನ ಬೋರ್ಡು. ಸುಯ್ ಅನ್ನುತ್ತೆ."

"ನನಗೆ ಕೇಳಿಸಲ್ಲ ಅಂದೆನಲ್ಲ."

"ನಿಮಗೆ ಕೇಳಿಸದಿದ್ದರೆ ಇಲ್ಲ ಅಂತ ಅಲ್ಲ," ಅಂದ ತಾರ್ಮೊ. "ವೇಗದ ಮಾತು ನಿಮ್ಮದು, ಒಪ್ಪಿಕೊಂಡೆ. ಶಬ್ದದ ಮಾತು ನನ್ನದು. ನಾನು ಬಗ್ಗಲ್ಲ."

ಹಿಲ್ಲೆವಿ ಅವನನ್ನು ಒಂದು ಗಳಿಗೆ ನೋಡಿ, ಇವನು ಪರವಾಗಿಲ್ಲ ಅಂದುಕೊಂಡು, ಆಗ ಕೋಟು ಬಿಚ್ಚಿದಳು.

ಮೊದಲ ಬೋರ್ಡನ್ನೇ ಮತ್ತೆ ಐವತ್ತಕ್ಕೆ ತರಬೇಕಿತ್ತು. ತಾಮ್ರದ ಗೆರೆ ಕತ್ತರಿಸುವುದು ಸುಲಭ. ಅದನ್ನು ಅವನು ಕಣ್ಣು ಮುಚ್ಚಿ ಮಾಡಬಲ್ಲವನಾಗಿದ್ದ. ಕತ್ತರಿಸಿದ್ದನ್ನು ಕೂಡಿಸುವುದು ಇದೇ ಮೊದಲು. ಹಳೆಯ ಬೋರ್ಡು ಬಿಸಿ ಹೆಚ್ಚಾದರೆ ಹಪ್ಪಳದ ಹಾಗೆ ಏಳುತ್ತದೆ, ಆಮೇಲೆ ಆ ಯಂತ್ರವೂ ಇಲ್ಲ, ಆ ಶಬ್ದವೂ ಇಲ್ಲ. ಅಂಥದ್ದು ಅವನಲ್ಲಿ ಇದ್ದದ್ದು ಒಂದೇ. ಕೂದಲೆಳೆಯಂಥ ತಂತಿಯನ್ನು ಚಿಮಟದಲ್ಲಿ ಹಿಡಿದು, ತಾನೇ ವರ್ಷಗಳ ಹಿಂದೆ ಗರ್ವದಿಂದ ಮಾಡಿದ್ದ ಗಾಯಗಳ ಮೇಲೆ ಇಟ್ಟ. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಹಿಲ್ಲೆವಿ ದೀಪವನ್ನು ಅವನಿಗೆ ಬೇಕಾದ ಕಡೆ ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಹೊಗೆಯ ಸಣ್ಣ ಎಳೆಯೊಂದು ಎದ್ದು, ತಂತಿ ಕೂತಿತು.

ಕಾರ್ಟ್ರಿಜ್ ಹಾಕಿ ಗುಂಡಿ ಒತ್ತಿದರೆ ಬಿಳಿ ಅಕ್ಷರ ಬರಲಿಲ್ಲ. ಸರೋವರ ಬಂತು, ದೋಣಿ ಬಂತು, ತಲೆಗೆ ಬಟ್ಟೆ ಕಟ್ಟಿದ ಹೆಂಗಸು ಹುಟ್ಟಿಗೆ ಕೈ ಹಾಕಿದಳು. ತಾರ್ಮೊ ರೆಕಾರ್ಡಿಂಗ್ ಶುರುಮಾಡಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ಹಾಡು ದೋಣಿಯಲ್ಲಿ ಗುನುಗಿದ ನಡೆಯಲ್ಲೇ ಹೊರಟಿತು. ಹಿಲ್ಲೆವಿಯ ಭುಜ ಅದರ ಜೊತೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದುದು ಅವಳಿಗೇ ತಿಳಿದಂತಿರಲಿಲ್ಲ.

ದೋಣಿ ದ್ವೀಪದ ಕಟ್ಟೆಯನ್ನು ಸಮೀಪಿಸಿದಾಗ ಹಾಡು ನಿಂತಿತು. ತಾರ್ಮೊ ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದ. ಹಿಲ್ಲೆವಿ ಅವನ ಮಣಿಕಟ್ಟು ಹಿಡಿದುಕೊಂಡಳು.

"ಇನ್ನೂ ಮುಗಿದಿಲ್ಲ."

"ಇಲ್ಲೇನೂ ಇಲ್ಲವಲ್ಲ. ಇದು ಎರಡು ಸುತ್ತಿನ ನಡುವಿನ ಸಂದು. ಎಲ್ಲರೂ ಕತ್ತರಿಸಿ ಹಾಕ್ತೀವಿ."

"ಹುಟ್ಟು ಒಳಗೆ ಎಳ್ಕೊಂಡು, ಎದ್ದು ನಿಂತು, ಕಟ್ಟೆ ಹಿಡಿಯೋಕೆ ಅಮ್ಮ ಇಷ್ಟೇ ಹೊತ್ತು ತಗೊಳ್ತಿದ್ದಳು. ಆಗ ನಾನು ಉಸಿರು ಬಿಗಿ ಹಿಡ್ಕೊಂಡಿರ್ತಿದ್ದೆ, ಬಿದ್ದುಬಿಟ್ಟರೆ ಅಂತ. ಕತ್ತರಿಸಬೇಡ." ಅವಳು ಅವನ ಕೈ ಬಿಡಲಿಲ್ಲ. "ನನ್ನ ಕಿವಿ ನಂಬೋ ಹಂಗಿಲ್ಲ. ನೀನು ಹೇಳು, ಅಲ್ಲಿ ಏನು ಕೇಳಿಸ್ತಿದೆ?"

ತಾರ್ಮೊ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಆಲಿಸಿದ. ಸುಯ್ಗುಟ್ಟುವ ಸದ್ದಿಲ್ಲ, ಗೊರಗೊರ ಎನ್ನುವುದೂ ಇಲ್ಲ.

"ಏನೂ ಇಲ್ಲ," ಅಂದ.

"ಹಂಗಾದ್ರೆ ಸರಿಯಾಗಿದೆ," ಅಂದಳು ಹಿಲ್ಲೆವಿ.

ಪರದೆಯ ಮೇಲಿನ ಹೆಂಗಸು ಕಟ್ಟೆಗೆ ಕಾಲಿಟ್ಟಳು, ಹಾಡು ಮತ್ತೆ ಶುರುವಾಯಿತು.