ಬಿಜಾಪುರಕ್ಕೆ ಹೋದ ಪಾಂಡವರು

ನಮ್ಮತ್ತೆ ಸಿದ್ದವ್ವನಿಗೆ ನನ್ನ ಕಲ್ಲುಗಳೆಂದರೆ ಮೈಯೆಲ್ಲ ಉರಿ. "ಮಂದಿ ಸೊಸ್ತ್ಯಾರು ಬಂಗಾರ ತರ್ತಾರ, ನಮ್ಮಕಿ ಕಲ್ಲು ತಂದು ಮನಿ ತುಂಬಾಕತ್ಯಾಳ" ಎಂದು ನಮ್ಮೂರು ಹೊರ್ತಿಯ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ನಾನೇನು ಕಡಿಮೆಯೇ? "ನಿಮ್ಮ ಮಗನೂ ಕಲ್ಲಿನಂಥವರ ಅದಾರ್ರಿ, ಮೊದಲ ಅವರನ್ನ ಹೊರಗ ಹಾಕ್ರಿ" ಎನ್ನುತ್ತಿದ್ದೆ.

ನಮ್ಮಲ್ಲಿ ಬಾವಿ ತೋಡಿದರೆ ಕರಿಕಲ್ಲಿನ ಹೊಟ್ಟೆಯಿಂದ ಹರಳು ಬರುತ್ತವೆ. ಹೊಲ ಹಸನು ಮಾಡುವಾಗ ಪಟ್ಟೆಪಟ್ಟೆಯ ಅಕೀಕು ಕಲ್ಲು ಸಿಗುತ್ತದೆ. ತೊಳೆದು ತಗಡಿನ ಡಬ್ಬಿಗೆ ಹಾಕುತ್ತಿದ್ದೆ. ಎಪ್ಪತ್ತಾರನೇ ಇಸವಿಯ ಹೊತ್ತಿಗೆ ನಲವತ್ತು ಕಲ್ಲಾಗಿದ್ದವು. ಊರ ಶಾಲೆಯ ಶ್ರೀಶೈಲಪ್ಪ ಮಾಸ್ತರರು ಅವನ್ನು ನೋಡಿ, "ಬಿಜಾಪುರದ ವಿಜ್ಞಾನ ಪ್ರದರ್ಶನಕ್ಕ ಛಲೋ ಐದು ಆರಿಸಿ ಕೊಡ್ರಿ. ಕೆಳಗ ನಿಮ್ಮ ಹೆಸರು ಬರೀತೇನಿ" ಎಂದರು.

ನನ್ನ ಹೆಸರು! ಲಗ್ನಪತ್ರಿಕೆ ಬಿಟ್ಟರೆ ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಎಂಟು ದಿನ ಡಬ್ಬಿ ಸುರುವಿಕೊಂಡು ಕೂತೆ. ಯಾವ ಐದು ಎಂಬುದೇ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ಹೊಲದ ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುವುದು ನಮ್ಮ ಪದ್ಧತಿ. ಅತ್ತೆ ಮುಂದಾಗಿ ಹೋಗಿದ್ದಳು. ನಾನು ಸಜ್ಜೆ ಕಡುಬಿನ ಬುಟ್ಟಿ ಹೊತ್ತು ಹೋಗಿ ನೋಡಿದರೆ, ಸುಣ್ಣದೊಳಗಿಂದ ನನ್ನ ಹರಳು ಇಣುಕುತ್ತಿದೆ. ಐದಕ್ಕೈದೂ ನನ್ನವೇ!

"ನಾಳೆ ಮಾಸ್ತರ ಬಿಜಾಪುರಕ್ಕ ಹೊಂಟಾರ. ಇದೇನ್ ಮಾಡಿದ್ರಿ ಅತ್ತಿ?"

"ದ್ಯಾವರಂತ ಇಟ್ಟದ್ದನ್ನ ಎಬ್ಬಸಬಾರದು" ಎಂದಳು ಅತ್ತೆ.

ಅಲ್ಲೇ ಕೂತು ಅತ್ತುಬಿಟ್ಟೆ. "ಅದರ ಕೆಳಗ ಹೆಸರು ಬರೀತಿದ್ರು."

"ನನ್ನ ಮಗಂದಾ?"

"ಅಲ್ರಿ. ನಂದು. ಕಸ್ತೂರೆವ್ವ ಅಂತ."

ಅತ್ತೆ ಕಲ್ಲುಗಳ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ನನಗೆ ಸಿಟ್ಟು ಇಳಿದಿರಲಿಲ್ಲ. "ನಿಮಗ ಕಲ್ಲಂದ್ರ ಆಗೂದಿಲ್ಲ. ಇವನ್ನ ಯಾಕ ತಂದ್ರಿ?" ಎಂದೆ.

"ಡಬ್ಬ್ಯಾಗ ಇವ ಐದು ಎಲ್ಲಾಕ್ಕಿಂತ ಚಂದ ಇದ್ದೂ. ದ್ಯಾವರಿಗೆ ಚಂದಂದು ಇಡಬ್ಯಾಡೇನು?"

ಕಣ್ಣೊರೆಸಿಕೊಂಡು ನೋಡಿದೆ. ನಿಜ. ಎಂಟು ದಿನ ನನ್ನಿಂದ ಆಗದ್ದನ್ನು ಮುದುಕಿ ಒಂದೇ ಮುಂಜಾನೆಗೆ ಮುಗಿಸಿದ್ದಳು.

ಹೊಲದ ತುಂಬ ಚರಗದ ಎಡೆ ಚೆಲ್ಲಿ ಊಟವಾದ ಮೇಲೆ, ಅತ್ತೆಯೇ ಐದು ಕರಿಕಲ್ಲು ಆರಿಸಿ ತಂದು ಸುಣ್ಣ ಹಚ್ಚಿ ಪಕ್ಕದಲ್ಲಿಟ್ಟು, ಹಳೆಯ ಐವರಿಗೆ ಕೈಮುಗಿದಳು. "ಹನ್ನೆರಡು ವರ್ಷ ವನವಾಸ ತಿರುಗಿದವರು. ಇವರಿಗೆ ಬಿಜಾಪುರ ಏನ್ ದೂರ? ಹೋಗಿ ಬರಲಿ."

ಎಷ್ಟು ತೊಳೆದರೂ ದೊಡ್ಡ ಹರಳಿನ ಸಂದಿಯ ಸುಣ್ಣ ಹೋಗಲಿಲ್ಲ. ಹಾಗೇ ಕಳಿಸಿದೆ. ಚೀಟಿಯಲ್ಲಿ ಏನು ಬರೆಯಬೇಕೆಂದು ಮಾಸ್ತರರಿಗೆ ನಾನೇ ಹೇಳಿದೆ: ಕೂಡಿಸಿದವರು ಕಸ್ತೂರೆವ್ವ, ಆರಿಸಿದವರು ಸಿದ್ದವ್ವ.

ನಾಲ್ಕನೇ ದಿನ ಮಾಸ್ತರರು ಕಲ್ಲಿನ ಗಂಟನ್ನೂ ಚೀಟಿಯನ್ನೂ ತಂದುಕೊಟ್ಟರು. ಬಹುಮಾನ ಬಂದಿರಲಿಲ್ಲ. ಓದಲು ಬಾರದ ಅತ್ತೆ, ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ಗಂಟು ಬಿಚ್ಚಿ ಎಣಿಸಿದಳು.

"ಐದೂ ಮಂದಿ ಬಂದ್ರು" ಎಂದಳು. ಸೆರಗು ಸಿಗಿಸಿಕೊಂಡು ಎದ್ದಳು. "ಬುಟ್ಟಿ ತಗೊ. ದ್ರೌಪದಿ ಎಲ್ಲಿ ಅದಾಳೋ, ಹುಡುಕೂಣು ನಡಿ."