ಲೀ ನದಿಯ ಹಳದಿ ಬಾವುಟ

ನಾನು ಒಂದು ಬಾವುಟ. ಯಾವ ದೇಶದ ಬಾವುಟವೂ ಅಲ್ಲ. ನನ್ನನ್ನು ಕಂಡು ಯಾರೂ ಎದ್ದು ನಿಲ್ಲುವುದಿಲ್ಲ, ಹಾಡುವುದಿಲ್ಲ. ಪ್ರವಾಸಕ್ಕೆ ಬಂದವರು ಗುಂಪಿನಿಂದ ತಪ್ಪಿಹೋಗದಿರಲಿ ಎಂದು ಗೈಡುಗಳು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಾರಲ್ಲ, ಅಂಥದ್ದು. ಬಣ್ಣ ಹಳದಿ. ಹುಟ್ಟಿದ್ದು ಚೀನಾದ ಸಮುದ್ರದ ಕಡೆಯ ಊರೊಂದರ ಹೊಲಿಗೆ ಕಾರ್ಖಾನೆಯಲ್ಲಿ. ನನ್ನನ್ನು ಹೊಲಿದ ಹೆಂಗಸು ಪಕ್ಕದವಳ ಜೊತೆ ಹರಟುತ್ತಲೇ ಹೊಲಿದಳು. ಹಾಗಾಗಿ ನನ್ನ ಒಂದು ಅಂಚು ಓರೆ. ಗಾಳಿ ಬಂದಾಗ ಎಲ್ಲ ಬಾವುಟಗಳೂ ಒಂದು ಕಡೆ ಹಾರಿದರೆ ನಾನು ಸ್ವಲ್ಪ ಎಡಕ್ಕೆ ಎಳೆಯುತ್ತೇನೆ. ನನ್ನ ಈ ಓರೆಯಿಂದ ಯಾರಾದರೂ ದಾರಿ ತಪ್ಪಿದರೆ ಎಂಬ ಹೆದರಿಕೆ ನನಗೆ ಹುಟ್ಟಿನಿಂದಲೇ ಬಂದಿದೆ.

ನನ್ನ ಮೊದಲ ಯಜಮಾನ ಗುಯ್‌ಲಿನ್ ನಗರದ ಚಿನ್ ಎಂಬ ಹಳೆಯ ಗೈಡ್. ಅವನು ನನ್ನಿಂದ ನೊಣ ಓಡಿಸುತ್ತಿದ್ದ, ಒದ್ದೆ ಬೆಂಚು ಒರೆಸುತ್ತಿದ್ದ. ನಡೆಯುವಾಗ ಒಮ್ಮೆಯೂ ಹಿಂದಿರುಗಿ ನೋಡುತ್ತಿರಲಿಲ್ಲ. "ಬರುವವರು ಬರುತ್ತಾರೆ" ಎನ್ನುತ್ತಿದ್ದ. ಬರುತ್ತಲೂ ಇದ್ದರು. ಆದರೆ ಬಾವುಟದ ಪಾಡು ಬೇರೆ. ಎಲ್ಲರಿಗಿಂತ ಮೇಲೆ ಇರಬೇಕು, ಎಲ್ಲರಿಗಿಂತ ಮುಂದೆ ಇರಬೇಕು. ಹಿಂದೆ ಜನ ಇದ್ದಾರೋ ಇಲ್ಲವೋ ತಿಳಿಯಬೇಕೆಂದರೆ ಗಾಳಿಯೇ ಹೊರಳಿಸಬೇಕು.

ಮಂಡಿ ನೋವು ಹೆಚ್ಚಾದಾಗ ಚಿನ್ ನನ್ನನ್ನು ಲಾನ್‌ಗೆ ಕೊಟ್ಟು ಮನೆಗೆ ಹೋದ. ಲಾನ್ ಹೆಜ್ಜೆಗೊಮ್ಮೆ ಹಿಂದಿರುಗಿ ನೋಡುವ ಹೆಣ್ಣು. ತಲೆ ಎಣಿಸುವುದು, ಮತ್ತೆ ಎಣಿಸುವುದು, ತನ್ನನ್ನೂ ಸೇರಿಸಿ ಎಣಿಸಿದೆನೇ ಎಂದು ಅನುಮಾನಪಟ್ಟು ಇನ್ನೊಮ್ಮೆ ಎಣಿಸುವುದು. ನಮ್ಮಿಬ್ಬರ ಸ್ವಭಾವ ಎಷ್ಟು ಹೊಂದಿತೆಂದರೆ, ಅವಳ ಆತಂಕ ಕೋಲಿನ ಮೂಲಕ ನನಗೆ ಏರುತ್ತಿತ್ತು. ನನ್ನದು ಅವಳಿಗೆ ಇಳಿಯುತ್ತಿತ್ತು.

ಆ ದಿನ ನಮ್ಮ ಹಿಂದೆ ಬಂದದ್ದು ಹುಬ್ಬಳ್ಳಿ ಕಡೆಯ ಗುಂಪು. ಅವರ ಜೊತೆ ಬಂದಿದ್ದ ಟೂರ್ ಮ್ಯಾನೇಜರ್ ಕಸ್ತೂರಿ, ಲಾನ್ ಜೊತೆ ಇಂಗ್ಲಿಷಿನಲ್ಲಿ, ಗುಂಪಿನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ನನಗೆ ಎರಡೂ ತಿಳಿಯುತ್ತಿತ್ತು. ಬಾವುಟಕ್ಕೆ ತನ್ನ ಹಿಂದೆ ಬರುವವರ ಭಾಷೆಯೇ ಭಾಷೆ.

ದೋಣಿ ಹತ್ತುವ ಮೊದಲೇ ಲಾನ್ ಕಸ್ತೂರಿಯನ್ನು ಪಕ್ಕಕ್ಕೆ ಕರೆದಳು. "ನದಿಗೆ ಏನನ್ನೂ ಎಸೆಯಬಾರದು, ದಯವಿಟ್ಟು ಹೇಳು. ಹೋದ ತಿಂಗಳು ನನ್ನ ಗುಂಪಿನವನೊಬ್ಬ ಬಾಟಲಿ ಎಸೆದ. ಇನ್ನೊಂದು ದೂರು ಬಂದರೆ ನನ್ನ ಗೈಡ್ ಕಾರ್ಡು ಕಿತ್ತುಕೊಳ್ಳುತ್ತಾರೆ." ಕಸ್ತೂರಿ ಎಲ್ಲರಿಗೂ ಹೇಳಿದಳು. ಎಲ್ಲರೂ ತಲೆ ಆಡಿಸಿದರು. ತಲೆ ಆಡಿಸುವವರನ್ನು ಕಂಡರೆ ನನಗೆ ಇನ್ನೂ ಭಯ.

ಲೀ ನದಿಯಲ್ಲಿ ದೋಣಿ ಹೊರಟಿತು. ಎರಡೂ ದಡದಲ್ಲಿ ಬೆಟ್ಟಗಳು ನೀರಿನಿಂದಲೇ ಮೊಳೆತಂತೆ ನೇರ ಎದ್ದಿದ್ದವು. ಒಂಬತ್ತು ಕುದುರೆಗಳ ಬೆಟ್ಟ ಬಂದಾಗ, ಬಂಡೆಯ ಗೆರೆಗಳಲ್ಲಿ ಕುದುರೆ ಹುಡುಕಲು ಎಲ್ಲರೂ ಮೇಲಿನ ಅಟ್ಟಕ್ಕೆ ನುಗ್ಗಿದರು.

"ಎಷ್ಟು ಕಂಡ್ವು ಈರಸಂಗಪ್ಪನವರ?" ಯಾರೋ ಕೇಳಿದರು.

"ನನಗ ಮೂರು ಕುದರಿ ಕಂಡ್ವು. ನಮ್ಮ ಮನಿಯಾಕಿ ಉದ್ದ ಕಿವೀದೊಂದು ಕತ್ತಿ ಕಾಣಸ್ತೈತಿ ಅಂದ್ಲು. ಬೆಟ್ಟ ನೋಡಿ ಅಂದ್ಲೋ ನನ್ನ ನೋಡಿ ಅಂದ್ಲೋ, ದೇವರಿಗೇ ಗೊತ್ತು!"

ಎಲ್ಲರೂ ನಕ್ಕರು. ಲಾನ್ ನಗಲಿಲ್ಲ. ತಲೆ ಎಣಿಸುತ್ತಿದ್ದಳು. ಒಂದು ಕಡಿಮೆ. ಈರಸಂಗಪ್ಪನವರ ಪಕ್ಕ ಅವರ ಹೆಂಡತಿ ನೀಲವ್ವ ಇರಲಿಲ್ಲ.

ಲಾನ್ ನನ್ನನ್ನು ಎತ್ತಿಕೊಂಡೇ ಮೆಟ್ಟಿಲು ಇಳಿದು ಓಡಿದಳು, ಹಿಂದೆ ಕಸ್ತೂರಿ. ದೋಣಿಯ ಹಿಂಬದಿಯಲ್ಲಿ, ಕಟಕಟೆಗೆ ಹೊಟ್ಟೆ ಆನಿಸಿ, ನೀಲವ್ವ ಒಂದು ಗಂಟು ಬಿಚ್ಚಿದ್ದರು. ಅಕ್ಕಿ, ಅಡಿಕೆ, ಅರಿಶಿನದ ಕೊಂಬು, ಉತ್ತತ್ತಿ, ಒಂದು ಕೊಬ್ಬರಿ ಬಟ್ಟಲು, ಮೇಲೆ ಮಡಿಸಿದ, ಕುಪ್ಪಸಕ್ಕೆಂದು ನೇಯ್ದ ಗುಳೇದಗುಡ್ಡದ ಕೆಂಪು ಖಣ. ಇನ್ನೊಂದು ಚಣ ತಡವಾಗಿದ್ದರೆ ಎಲ್ಲವೂ ನೀರಿನಲ್ಲಿರುತ್ತಿತ್ತು. ಲಾನ್ ಅವರ ಕೈ ಹಿಡಿದುಕೊಂಡಳು.

"ಏ ಬಿಡವ್ವಾ! ಕಸಾ ಅಲ್ಲಿದು. ಹೊಳಿಗೆ ಉಡಿ ತುಂಬಾಕತ್ತೀನಿ. ಇಷ್ಟು ದೊಡ್ಡ ಹೊಳಿ, ಮದಲನೇ ಸಲ ಮೈಮ್ಯಾಲೆ ಕರಕೊಂಡೈತಿ. ಬರಿಗೈಲೆ ಹ್ಯಾಂಗ ಹೋಗ್ಲಿ?"

"ನೀಲವ್ವಾರ, ನೀವು ಹಾಕಿದ್ರ ಈಕಿ ನೌಕರಿ ಹೋಗತೈತ್ರಿ" ಎಂದಳು ಕಸ್ತೂರಿ.

ಸ್ವಲ್ಪ ದೂರದಲ್ಲಿ ಹಗ್ಗ ಸುತ್ತುತ್ತಿದ್ದ ದೋಣಿಯವನು ಕೆಲಸ ನಿಲ್ಲಿಸಿ ನೋಡತೊಡಗಿದ. ದೂರು ಹೋಗುವುದು ಇಂಥವರಿಂದಲೇ. ನೀಲವ್ವ ಗಂಟನ್ನು ಎದೆಗೆ ಒತ್ತಿ ನಿಂತರು. ನೀರನ್ನು ನೋಡಿದರು, ಲಾನ್‌ಳ ಮುಖ ನೋಡಿದರು.

"ಈಕಿ ತವರುಮನಿ ಎಲ್ಲಿ, ಕೇಳು."

ಲಾನ್ ಗಾಬರಿಯಲ್ಲೇ ಕೆಳಪ್ರವಾಹದ ಕಡೆ ಕೈ ತೋರಿದಳು. ದೋಣಿ ನಿಲ್ಲುವ ಯಾಂಗ್‌ಶುವೊ ದಾಟಿದ ಮೇಲೆ, ಇದೇ ನದಿಯ ದಡದಲ್ಲಿ, ಅಮ್ಮನ ಮನೆ.

"ಲಗ್ನಾಗೇತೇನು?"

ಆಗಿತ್ತು.

"ಮತ್ತೇನ! ಈ ನೀರು ಕುಡದು ಬೆಳದಾಕಿ ಈ ಹೊಳಿ ಮಗಳು. ಮಗಳಿಗೆ ತುಂಬಿದ್ರ ತಾಯಿಗಿ ಮುಟ್ಟಲ್ಲೇನು? ಹಿಡಿ ಯವ್ವಾ ಉಡಿ!"

ತವರಿನವರು ಮಗಳ ಸೆರಗಿಗೆ ತುಂಬಿ ಕಳಿಸುವ ಮಡಿಲಕ್ಕಿ ಇದು ಎಂದು ಕಸ್ತೂರಿ ವಿವರಿಸಿದಳು. ಲಾನ್ ಎರಡೂ ಕೈ ಬೊಗಸೆ ಮಾಡಿ ಚಾಚಿದಳು. ನೀಲವ್ವ ತಲೆ ಅಲ್ಲಾಡಿಸಿದರು. "ಕೈಯಾಗ ಹಾಕಿದ್ರ ಅದು ಭಿಕ್ಷಾ ಆಗತೈತಿ. ಸೆರಗು ಬೇಕು." ಲಾನ್ ತೊಟ್ಟಿದ್ದು ಪ್ಯಾಂಟು, ಗಿಡ್ಡ ಜಾಕೀಟು. ಸೆರಗನ್ನು ಎಲ್ಲಿಂದ ತರುವುದು? ಅವಳು ಅತ್ತಿತ್ತ ನೋಡಿದಳು, ಆಮೇಲೆ ಮೇಲೆ ನೋಡಿದಳು. ನನ್ನನ್ನು ಕೋಲಿನಿಂದ ಕಳಚಿದಳು.

ಬೇಡ, ಬೇಡ ಎಂದು ನಾನು ಎಡಕ್ಕೆ ಎಳೆದೆ. ಕಸ್ತೂರಿ ನನ್ನ ಎರಡು ಮೂಲೆಗಳನ್ನು ಲಾನ್‌ಳ ಸೊಂಟದ ಪಟ್ಟಿಗೆ ಸಿಕ್ಕಿಸಿದಳು, ಉಳಿದೆರಡನ್ನು ಲಾನ್ ಹಿಡಿದಳು. ನೀಲವ್ವ ಅರಿಶಿನ ಕುಂಕುಮ ಹಚ್ಚಿ ಹಿಡಿಹಿಡಿಯಾಗಿ ತುಂಬಿ, ಮೇಲೆ ಖಣ ಇಟ್ಟರು. ಹುಟ್ಟಿದಾರಭ್ಯ ನನ್ನೊಳಗೆ ಗಾಳಿಯ ಹೊರತು ಏನೂ ನಿಂತಿರಲಿಲ್ಲ. ಅಕ್ಕಿ ತಣ್ಣಗಿತ್ತು, ಭಾರವಾಗಿತ್ತು. ದೋಣಿಯವನು ಮತ್ತೆ ಹಗ್ಗ ಸುತ್ತತೊಡಗಿದ.

ಆದರೆ ಆ ಗಡಿಬಿಡಿಯಲ್ಲಿ ಯಾಂಗ್‌ಶುವೊ ಬಂದೇಬಿಟ್ಟಿತ್ತು. ದೋಣಿ ದಡ ಮುಟ್ಟಿತು. ಸಾಲಾಗಿ ನಿಂತ ಇತರ ದೋಣಿಗಳಿಂದಲೂ ಜನ ಸುರಿಯುತ್ತಿದ್ದರು. ನಮ್ಮ ಗುಂಪು ಮೇಲಿನ ಅಟ್ಟದಿಂದ ಇಳಿದು, ಬಾವುಟ ಕಾಣದೆ, ನೂಕಿನಲ್ಲಿ ಕೊಚ್ಚಿಹೋಯಿತು. ದಡದಲ್ಲಿ ಬೇರೆ ಹಳದಿ ಬಾವುಟಗಳಿದ್ದವು. ಅವು ನೆಟ್ಟಗೆ ಹಾರುತ್ತಿದ್ದವು.

ಲಾನ್ ನನ್ನನ್ನು ಗಂಟು ಕಟ್ಟಿ ಕಂಕುಳಲ್ಲಿ ಒತ್ತಿಕೊಂಡು, ಬೋಳು ಕೋಲು ಎತ್ತಿ ಓಡಿದಳು. ಬೋಳು ಕೋಲನ್ನು ಯಾರು ನೋಡುತ್ತಾರೆ? "ಒಬ್ಬರು ಕಳೆದರೂ ದೂರು, ಒಬ್ಬರು ಕಳೆದರೂ ದೂರು" ಎಂದು ಅವಳು ತನ್ನ ಭಾಷೆಯಲ್ಲಿ ಗೊಣಗುತ್ತಿದ್ದಳು. ನಾನು ಕತ್ತಲಲ್ಲಿ, ಅಕ್ಕಿಯ ಸುತ್ತ ಮುದುಡಿಕೊಂಡು, ಇದೆಲ್ಲ ನನ್ನಿಂದಲೇ ಆಯಿತು ಎಂದುಕೊಳ್ಳುತ್ತಿದ್ದೆ. ಕಾಣಿಸಿಕೊಳ್ಳುವುದು ಒಂದೇ ನನ್ನ ಕೆಲಸ, ಅದೂ ಆಗಲಿಲ್ಲ.

"ಆ ಖಣ ಕಟ್ಟು ಕೋಲಿಗೆ" ಎಂದರು ನೀಲವ್ವ, ಏದುಸಿರು ಬಿಡುತ್ತ. ಕಸ್ತೂರಿ ಗಂಟಿಗೆ ಕೈ ಹಾಕಲು ಹೋದಾಗ ಗದರಿದರು. "ನೀ ಮುಟ್ಟಬ್ಯಾಡ. ಕೊಟ್ಟಾಗೇತಿ. ಆಕಿದು ಅದು, ಆಕಿನ ಕಟ್ಟಲಿ."

ಲಾನ್ ನನ್ನನ್ನು ಒಂದಿಷ್ಟು ಸಡಿಲಿಸಿ ಖಣ ತೆಗೆದಳು. ಆ ಸಂದಿಯಿಂದ ನಾನೂ ನೋಡಿದೆ. ಕೆಂಪು ಖಣ ಜನರ ತಲೆಗಳ ಮೇಲೆ ಎದ್ದಿತು. ದಡದಲ್ಲಿ ಹೂ ಮಾರುವವರ ಪಕ್ಕದಿಂದ ಒಂದು ದನಿ: "ಅಲ್ನೋಡ್ರೇ, ನಮ್ಮ ಖಣ!" ಇನ್ನೊಂದು ದನಿ. ಸೀರೆಗಳು, ಟೋಪಿಗಳು, ನೀರಿನ ಬಾಟಲಿಗಳು ಎಲ್ಲ ಕಡೆಯಿಂದ ಹರಿದು ಬಂದವು. ಕೊನೆಗೆ, ಬೇರೆ ಗುಂಪಿನ ಹಳದಿ ಬಾವುಟದ ಹಿಂದೆ ಬಸ್ಸಿನ ಮೆಟ್ಟಿಲು ಹತ್ತಿದ್ದ ಈರಸಂಗಪ್ಪನವರು ಕೂಗುತ್ತ ಇಳಿದು ಬಂದರು.

"ಅಲ್ಲಲೇ ನೀಲಾ! ನಿನ್ನ ಕುಪ್ಪಸದ ಅರಿವಿ ಚೀನಾದಾಗ ಕೋಲ ಏರೈತಲ್ಲ!"

"ಮತ್ತೊಬ್ಬರ ಬಸ್ ಏರಿದ ಕತ್ತಿಗಿ ಇನ್ಹ್ಯಾಂಗ ಕರೀಬೇಕು?"

ಲಾನ್ ತಲೆ ಎಣಿಸಿದಳು. ಸರಿಯಾಗಿತ್ತು. ಮತ್ತೆ ಎಣಿಸಲಿಲ್ಲ; ನನಗೆ ತಿಳಿದಂತೆ ಅದೇ ಮೊದಲು. ದೂರು ಬರಲಿಲ್ಲ. ಎಲ್ಲರನ್ನೂ ಸೇರಿಸಿದ್ದು ಮಾತ್ರ ನಾನಲ್ಲ. ಹೊಟ್ಟೆಕಿಚ್ಚು ಆಗಲಿಲ್ಲ ಎಂದು ಹೇಳಲಾರೆ.

ಅರಿಶಿನ ಕುಂಕುಮದ ಕಲೆ ನನ್ನಿಂದ ಹೋಗಲಿಲ್ಲ. ಕಂಪನಿ ಲಾನ್‌ಗೆ ಹೊಸ ಬಾವುಟ ಕೊಟ್ಟಿತು. ನಾನು ಅಕ್ಕಿಯ ಸಮೇತ ಅವಳ ಅಮ್ಮನ ಮನೆ ಸೇರಿದೆ. ಅಮ್ಮ ಕೊಬ್ಬರಿಯನ್ನು ಮೂಸಿ ನೋಡಿದಳು, ಅಕ್ಕಿಯನ್ನು ಗಂಜಿ ಮಾಡಿದಳು, ನನ್ನನ್ನು ಒಗೆದು ಒಲೆಯ ಬದಿಯ ಮೊಳೆಗೆ ತೂಗುಹಾಕಿದಳು. ಅಲ್ಲಿಗೆ ನನ್ನ ಬಾಳು ಮುಗಿಯಿತು ಎಂದುಕೊಂಡೆ.

ಈಗ ನನಗೆ ವಯಸ್ಸಾಗಿದೆ; ಹಳದಿ ಬಿಳಚಿದೆ, ಅಂಚು ಎಳೆ ಬಿಟ್ಟಿದೆ. ಲಾನ್ ಊರಿಗೆ ಬಂದು ಹಿಂದಿರುಗುವ ದಿನ ಅಮ್ಮ ನನ್ನನ್ನು ಮೊಳೆಯಿಂದ ಇಳಿಸುತ್ತಾಳೆ. ಕಿತ್ತಳೆ ಹಣ್ಣೋ ಕಡಲೆಕಾಯಿಯೋ, ಮನೆಯಲ್ಲಿದ್ದದ್ದನ್ನು ತುಂಬಿ ಮಗಳ ಮಡಿಲಿಗೆ ಇಡುತ್ತಾಳೆ. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಮುಂದಿನ ಸಲ ಬರುವಾಗ ಲಾನ್ ನನ್ನನ್ನು ಮಡಿಸಿ ವಾಪಸು ತರುತ್ತಾಳೆ. ಬಸ್ಸು ನದಿಯ ಪಕ್ಕದಲ್ಲಿ ಕುಲುಕುತ್ತ ಸಾಗುವಾಗ ನಾನು ಮಗಳ ತೊಡೆಯ ಮೇಲೆ, ಯಾರ ಮುಂದೂ ಅಲ್ಲ, ಯಾರ ಮೇಲೂ ಅಲ್ಲ. ನೆಮ್ಮದಿಯಾಗಿರಬಹುದಿತ್ತು. ಆದರೆ ನನ್ನ ಬಟ್ಟೆ ತೆಳುವಾಗಿದೆ, ಕಿತ್ತಳೆಗಳು ಭಾರ, ದಾರಿ ಕೆಟ್ಟದ್ದು. ಗುಯ್‌ಲಿನ್ ಮುಟ್ಟುವವರೆಗೂ ನಾನು ನಾಲ್ಕೂ ಮೂಲೆಗಳಿಂದ ಗಂಟನ್ನು ಬಿಗಿಹಿಡಿದೇ ಇರುತ್ತೇನೆ.