ಕಾಲರ್ ಗುಂಡಿ

"ಸ್ವಲ್ಪ ವಾಲಿಸಿ, ವಾಲಿಸಿ! ಕಾಲಿನ ಕಡೆ ಇಳಿಸಿ!" ಎಂದು ಮೇಲಿನ ಮೆಟ್ಟಿಲಿನಿಂದ ಯಾರೋ ಕೂಗಿದರು.

ಚಟ್ಟದ ಕಾಲಿನ ಕಡೆ ಹೆಗಲು ಕೊಟ್ಟವನು ಸೂಪರ್‌ವೈಸರ್. ಎಪ್ಪತ್ತರ ಮುದುಕ. ಕೆಲಸದಿಂದ ನಿವೃತ್ತನಾಗಿ ಹತ್ತು ವರ್ಷವಾದರೂ ಜನ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಬೇಡ ಬೇಡವೆಂದರೂ ಕೇಳದೆ ನುಗ್ಗಿ ಹೆಗಲು ಕೊಟ್ಟಿದ್ದ. ಮಂಡಿ ನೋಯುತ್ತಿತ್ತು. ನೋಯಲಿ ಎಂದುಕೊಂಡ.

ಸತ್ತವನು ಅವನ ಕೈಕೆಳಗೆ ದುಡಿದ ಫಿಟ್ಟರ್. ಓಣಿಯ ಮಕ್ಕಳ ಬಾಯಲ್ಲಿ ಬಂದ್ ಮಾಮ. ಯಾರ ಮನೆಗೆ ಹೋದರೂ ಕೂರುವ ಮೊದಲು ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಿ ಬರುತ್ತಿದ್ದ.

"ಕುದೀತಿದ್ದ ಚಹಾನೂ ಬಂದ್ ಮಾಡಿದ್ದ ಪುಣ್ಯಾತ್ಮ," ಎಂದಳು ಹಿಂದೆ ನಡೆದು ಬರುತ್ತಿದ್ದ ಪಕ್ಕದ ಮನೆಯಾಕೆ. ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು.

ಫಿಟ್ಟರನ ಹೆಂಡತಿ ನಗಲಿಲ್ಲ. "ಊರೋರ ಗ್ಯಾಸ್ ನೋಡೋ ಬುದ್ಧಿ ಆವತ್ತು ಮಷಿನ್ ಹತ್ರ ಎಲ್ಲಿಗೆ ಹೋಗಿತ್ತೋ! ತಂತಿ ಕಟ್ಟೋಕೆ ಬಂದ ಕೈಗೆ ಒಂದು ಗುಂಡಿ ಹಾಕೋಕೆ ಬರ್ದೇ ಹೋಯ್ತು. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಅಂಗಿ ಗುಂಡಿ ಹಾಕಿದ್ದು ನಾನು, ಇದೇ ಮಾತು ಅಂದ್ಕೊಂಡು. ಇವತ್ತೂ ಹಾಕಿದೆ. ಅಭ್ಯಾಸ ನೋಡು, ಇವತ್ತೂ ಅಂದುಬಿಟ್ಟೆ."

"ನೀವು ಹಾಗಂದ್ರೆ ಏನು ಹೇಳ್ತಿದ್ರು ಅವರು?" ಎಂದಳು ಪಕ್ಕದ ಮನೆಯಾಕೆ.

"ಏನು ಹೇಳ್ತಾರೆ? ಗದ್ದ ಎತ್ತಿ ನಿಂತ್ಕೊಳ್ಳೋರು. ಕಾಲರ್ ಗುಂಡಿಗೆ ನನಗೆ ಅನುಕೂಲ ಆಗ್ಲಿ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೂಪರ್‌ವೈಸರನ ಹೆಗಲ ಮೇಲೆ ಹೆಣವೇ ಇತ್ತು. ಅವನು ತಲೆ ತಗ್ಗಿಸಿ ನಡೆದ.

*

ಹತ್ತೊಂಬತ್ತು ವರ್ಷದ ಹಿಂದೆ, ಕಾರ್ಖಾನೆಯಲ್ಲಿ. ಕರಗಿದ ಲೋಹವನ್ನು ಅಚ್ಚಿಗೆ ಒತ್ತುವ ಯಂತ್ರ ಅದು. ಒತ್ತುವ ಬಲ ಪಂಪಿನಿಂದ ಬರುವ ಎಣ್ಣೆಯದು. ಎಲ್ಲಾದರೂ ಪೈಪು ಒಡೆದು ಬೆಂಕಿ ಹತ್ತಿದರೆ ಪಂಪು ತಾನಾಗಿ ನಿಲ್ಲಬೇಕು, ಇಲ್ಲವಾದರೆ ಅದೇ ಉರಿಗೆ ಎಣ್ಣೆ ಸುರಿಯುತ್ತದೆ. ಅದಕ್ಕೆಂದೇ ಪಂಪಿನ ಹಿಡಿಕೆಯನ್ನು ಎತ್ತಿ ಹಿಡಿಯಲು ಮೇಲೊಂದು ಕೊಂಡಿ, ಬಿಸಿಗೆ ಕರಗುವಂಥದು. ಕೊಂಡಿ ಕರಗಿದರೆ ಹಿಡಿಕೆ ಕೆಳಗೆ ಬೀಳುತ್ತದೆ, ಪಂಪು ನಿಲ್ಲುತ್ತದೆ.

ಆ ಬೇಸಿಗೆಯಲ್ಲಿ ಕುಲುಮೆಯ ಕಾವಿಗೇ ಕೊಂಡಿ ಕರಗತೊಡಗಿತು. ಬೆಂಕಿಯಿಲ್ಲದೆ ವಾರಕ್ಕೆ ಮೂರು ಸಲ ಯಂತ್ರ ನಿಂತಿತು. ಮೇಲಿನವರ ಬೈಗುಳ ತಿಂದು ಬಂದ ಸೂಪರ್‌ವೈಸರ್ ಫಿಟ್ಟರನ ಡಬ್ಬಿಯಿಂದ ತಂತಿ ತೆಗೆದು ಹಿಡಿಕೆಯನ್ನು ಬೀಳದಂತೆ ಬಿಗಿದು ಕಟ್ಟಿದ.

"ಬಿಚ್ಚಿ ಸಾರ್. ಅದು ಇರೋದೇ ಬೀಳೋಕೆ."

"ಈ ಒಂದು ಶಿಫ್ಟ್ ಕಣಯ್ಯ. ಆಮೇಲೆ ನಾನೇ ಬಿಚ್ತೀನಿ."

ಆ ಒಂದು ಶಿಫ್ಟ್ ನಾಲ್ಕು ತಿಂಗಳಾಯಿತು. ಫಿಟ್ಟರ್ ಮೊದಲು ದಿನಾ ಹೇಳಿದ, ಆಮೇಲೆ ವಾರಕ್ಕೊಮ್ಮೆ ಹೇಳಿದ.

ಒಂದು ಮಧ್ಯಾಹ್ನ ಪೈಪು ಒಡೆಯಿತು. ಎಣ್ಣೆ ಮಂಜಿನ ಹಾಗೆ ಹಾರಿ ಕುಲುಮೆಗೆ ತಾಗಿ ಹೊತ್ತಿಕೊಂಡಿತು. ಕೊಂಡಿ ಕರಗಿತು, ಹಿಡಿಕೆ ಬೀಳಲಿಲ್ಲ. ಸ್ವಿಚ್ಚು ಉರಿಯ ಆಚೆಗಿತ್ತು. ಎಲ್ಲರೂ ಬಾಗಿಲಿಗೆ ಓಡಿದರು, ಸೂಪರ್‌ವೈಸರ್ ಎಲ್ಲರಿಗಿಂತ ಮುಂದೆ. ಫಿಟ್ಟರ್ ಒಬ್ಬನೇ ಒಳಕ್ಕೆ ಓಡಿ, ಕೆಂಪಗೆ ಕಾದ ತಂತಿಯನ್ನು ಬರಿಗೈಯಲ್ಲಿ ಬಿಚ್ಚಿದ.

ವಿಚಾರಣೆಯಲ್ಲಿ "ತಂತಿ ಯಾರದು?" ಎಂದು ಕೇಳಿದರು.

"ನನ್ನ ಡಬ್ಬಿದು," ಎಂದ ಫಿಟ್ಟರ್, ಬ್ಯಾಂಡೇಜು ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಅದು ನಿಜವೇ. ಕಟ್ಟಿದವರು ಯಾರೆಂದು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ಕೂತ ಸೂಪರ್‌ವೈಸರ್ ಮೇಜಿನ ಮೇಲಿದ್ದ ನೀರಿನ ಲೋಟವನ್ನೇ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ಫಿಟ್ಟರ್ ಹೇಳಿದ: "ನನ್ನ ಕೈಯಂತೂ ಹೋಯ್ತು ಸಾರ್. ನಿಮ್ಮ ಕೆಲಸಾನೂ ಹೋಗಿ ಯಾರಿಗೇನು ಬಂತು? ನಮ್ಮ ಮನೇಲಿ ಮಾತ್ರ ಒಂದು ಮಾತು ನೀವೇ ಹೇಳಿ. ನಾನು ಹೇಳಿದ್ರೆ ನೆಪ ಅಂತಾಳೆ."

"ಹೇಳ್ತೀನಿ. ರಿಟೈರ್ ಆದ ದಿನಾನೇ ಬಂದು ಹೇಳ್ತೀನಿ."

ರಿಟೈರ್ ಆದ ದಿನ ಹೋದ. ಹಣ್ಣಿನ ಚೀಲ ಕೊಟ್ಟ. ಅವಳು "ಅಣ್ಣ, ಊಟ ಮಾಡ್ಕೊಂಡೇ ಹೋಗಬೇಕು" ಎಂದಳು. ಉಂಡು ಎದ್ದು ಬಂದ. ಮುಂದಿನ ಹತ್ತು ವರ್ಷವೂ ಅದೇ ಆಯಿತು. ಫಿಟ್ಟರ್ ಪ್ರತಿ ಸಲವೂ ಗೇಟಿನವರೆಗೆ ಬಂದು ಕಳಿಸುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

*

ವಿದ್ಯುತ್ ಚಿತಾಗಾರದಲ್ಲಿ ಹೆಣವನ್ನು ಕಬ್ಬಿಣದ ಗಾಡಿಯ ಮೇಲೆ ಮಲಗಿಸಿದರು. ಆಪರೇಟರ್ ಗುಂಡಿ ಒತ್ತಿದ. ಗೋಡೆಯ ಬದಿಯಲ್ಲಿ ಪಂಪು ಗುಂಯ್ ಎಂದಿತು. ಎಣ್ಣೆಯ ಒತ್ತಡಕ್ಕೆ ಗಾಡಿ ಮುಚ್ಚಿದ ಬಾಗಿಲಿನ ಕಡೆ ಸರಿಯತೊಡಗಿತು.

ಆ ಸದ್ದಿನ ಪರಿಚಯ ಸೂಪರ್‌ವೈಸರನಿಗಿತ್ತು. ತಾನಾಗಿ ಕಣ್ಣು ಮೇಲಕ್ಕೆ ಹೋಯಿತು. ಇಲ್ಲೂ ಅಂಥದೇ ಹಿಡಿಕೆ, ಕೊಂಡಿಯಿರಬೇಕಾದ ಜಾಗ ಖಾಲಿ. ಹಿಡಿಕೆಗೆ ತಂತಿ ಸುತ್ತಿತ್ತು.

"ಇದ್ಯಾಕೆ ಕಟ್ಟಿದೀಯ?"

"ಸುಮ್ಸುಮ್ನೆ ನಿಲ್ತಿತ್ತು ಸಾರ್. ಜನ ಅಳ್ತಾ ಕಾಯ್ತಿರ್ತಾರೆ. ಒಂದು ದಿನದ ಮಟ್ಟಿಗೆ ಅಂತ ಕಟ್ಟಿದೆ."

"ಕಟ್ಟಿ ಎಷ್ಟು ದಿನ ಆಯ್ತು?"

ಆಪರೇಟರ್ ನೆನಪಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಸೂಪರ್‌ವೈಸರ್ ಸ್ಟೂಲು ಹತ್ತಿ ತಂತಿಗೆ ಕೈ ಹಾಕಿದ್ದ. ಗಂಟು ಬಿಗಿಯಾಗಿತ್ತು. ಉಗುರು ಸೀಳಿ ರಕ್ತ ಬಂತು. ಕೊನೆಗೆ ತಂತಿ ಬಿಚ್ಚಿತು, ಹಿಡಿಕೆ ಧಡಕ್ಕನೆ ಬಿತ್ತು, ಪಂಪಿನ ಸದ್ದು ನಿಂತಿತು. ಗಾಡಿ ನಡುದಾರಿಯಲ್ಲೇ ಉಳಿಯಿತು.

"ಹೊಸ ಕೊಂಡಿ ಹಾಕೋಕೆ ಹತ್ತು ನಿಮಿಷ ಬೇಕು ಸಾರ್," ಎಂದು ಗೊಣಗುತ್ತ ಆಪರೇಟರ್ ಒಳಗೆ ಹೋದ.

"ಏನಣ್ಣ ಇದು?" ಎಂದಳು ಹೆಂಡತಿ. "ಇದೊಂದಾದ್ರೂ ಅವರಿಗೆ ಸಲೀಸಾಗಿ ಆಗಬಾರ್ದಾ?"

ಸೂಪರ್‌ವೈಸರ್ ತಂತಿ ಹಿಡಿದುಕೊಂಡೇ ಕೆಳಗಿಳಿದ.

"ಆವತ್ತು ಕಟ್ಟಿದ್ದು ನಾನು ಕಣಮ್ಮ. ಅವನು ಬಿಚ್ಚಿ ಬಿಚ್ಚಿ ಅಂತಿದ್ದ. ನಾನು ಕಟ್ಟಿದ್ದನ್ನ ಬಿಚ್ಚೋಕೆ ಹೋಗಿ ಕೈ ಸುಟ್ಕೊಂಡ. ನಿನಗೆ ಹೇಳಿ ಅಂತ ಒಂದೇ ಒಂದು ಸಲ ಕೇಳಿದ್ದ. ನಾನು ಬಂದು ಊಟ ಮಾಡ್ಕೊಂಡು ಹೋದೆ."

ಹೊಡೆಯುತ್ತಾಳೆ ಎಂದುಕೊಂಡ. ಹೊಡೆಯಲಿ, ಕೊಂಚವಾದರೂ ಹಗುರಾದೀತು ಎಂದು ಆಸೆಪಟ್ಟ. ಅವಳು ಅವನ ಮುಖವನ್ನೂ ನೋಡಲಿಲ್ಲ.

"ಇವತ್ತು ಬೆಳಿಗ್ಗೇನೂ ಅಂದೆನಲ್ಲ," ಎಂದಷ್ಟೇ ಹೇಳಿ ಗಾಡಿಯ ಬಳಿಗೆ ಹೋದಳು.

ಗಂಡನ ಅಂಗಿಯ ಗುಂಡಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಮತ್ತೆ ಕೆಳಗಿನಿಂದ ಹಾಕುತ್ತ ಬಂದಳು. ಈ ಸಲ ಆ ಮಾತು ಅನ್ನಲಿಲ್ಲ.

"ಅಮ್ಮಾ, ಮಷಿನ್ ರೆಡಿ," ಎಂದ ಆಪರೇಟರ್.

ಅವಳು ಕಾಲರಿನ ಗುಂಡಿಗೆ ಬಂದಿದ್ದಳು. ಗದ್ದ ತಾನಾಗಿ ಮೇಲೇಳಲೆಂದು ಒಂದು ಕ್ಷಣ ಕಾದಳು. ಆಮೇಲೆ ಎರಡು ಬೆರಳು ಕೊಟ್ಟು ಅದನ್ನು ಮೆಲ್ಲಗೆ ಎತ್ತಿ ಹಿಡಿದಳು.